ಕೊಲೆಯ ಜಾಡಿನಲ್ಲಿ ಕೂಲಿ ಪತ್ತೇದಾರ

ಸ್ಯಾನ್ ಫ್ರಾನ್ಸಿಸ್ಕೊ ನಗರದ ಬುಷ್ ಸ್ಟ್ರೀಟಿನ ಮಗ್ಗುಲಲ್ಲಿ ಬರಿಟ್ ಎಂಬ ಪುಟ್ಟ ಓಣಿ ಇದೆ. ಅಲ್ಲಿನ ಗೋಡೆಗೆ ಒಂದು ಲೋಹದ ಫಲಕ ಹಾಕಿದ್ದಾರೆ. ಮೈಲ್ಸ್ ಆರ್ಚರ್ ಎಂಬ ಖಾಸಗಿ ಪತ್ತೇದಾರ ಹೆಚ್ಚುಕಡಿಮೆ ಇದೇ ಜಾಗದಲ್ಲಿ ಕೊಲೆಯಾದನೆಂದೂ ಕೊಂದವರು ಇಂಥವರೆಂದೂ ಅದರಲ್ಲಿ ಬರೆದಿದೆ. ಸ್ವಾರಸ್ಯವೆಂದರೆ, ಮೈಲ್ಸ್ ಆರ್ಚರ್ ಎಂಬವನೊಬ್ಬ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. 1930ರಲ್ಲಿ ಪುಸ್ತಕವಾಗಿ ಬಂದ 'ದಿ ಮಾಲ್ಟೀಸ್ ಫಾಲ್ಕನ್' ಎಂಬ ಪತ್ತೇದಾರಿ ಕಾದಂಬರಿಯ ಎರಡನೆಯ ಅಧ್ಯಾಯದಲ್ಲೇ ಹೆಣವಾಗುವ ಪಾತ್ರ ಅವನು. ಕಾದಂಬರಿಕಾರ ಕೊನೆಯ ಅಧ್ಯಾಯದವರೆಗೆ ಜೋಪಾನವಾಗಿ ಮುಚ್ಚಿಟ್ಟ ಕೊಲೆಗಾರರ ಹೆಸರನ್ನು ಫಲಕ ಹಾಕಿದವರು ದಾರಿಹೋಕರಿಗೆಲ್ಲ ಬಿಟ್ಟುಕೊಟ್ಟಿದ್ದಾರೆ. ಹಾಗಾಗಿ ಇಲ್ಲಿಯೂ ಅದನ್ನು ಮುಚ್ಚಿಡುವ ಗೋಜಿಗೆ ಹೋಗಬೇಕಾಗಿಲ್ಲ.

ಆ ಕಾದಂಬರಿಯನ್ನು ಬರೆದ ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಪತ್ತೇದಾರನಾಗಿ ದುಡಿದವನು. ಲೋಕಪ್ರಸಿದ್ಧ ಪತ್ತೇದಾರಿ ಲೇಖಕರ ಸಾಲಿನಲ್ಲಿ ಹೀಗೆ ಸಂಬಳಕ್ಕೆ ಆ ಕೆಲಸ ಮಾಡಿದವರು ಬಹಳ ವಿರಳ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯಲ್ ವೈದ್ಯ. ಪತ್ತೇದಾರಿ ಕಥೆಯ ಆದಿಪುರುಷನೆನಿಸಿದ ಎಡ್ಗರ್ ಅಲನ್ ಪೋ ಕವಿ, ಪತ್ರಿಕಾ ಸಂಪಾದಕ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಓದಿ ಬೆಳೆದ ಕನ್ನಡಿಗರಿಗೂ ಪತ್ತೇದಾರನೆಂದರೆ ಪೊಲೀಸರಿಗೆ ಬಿಡಿಸಲಾಗದ ಕೊಲೆಯ ಸಿಕ್ಕನ್ನು ಬಿಡಿಸುವವನು ಎಂದೇ ಕಲ್ಪನೆ. ಹ್ಯಾಮೆಟ್ ಕಂಡ ಪತ್ತೇದಾರಿಕೆ ಇದಕ್ಕಿಂತ ತೀರ ಬೇರೆಯಾಗಿತ್ತು. ಅಲ್ಲಿ ಕೊಲೆಗಿಂತ ಕೂಲಿಯದೇ ದೊಡ್ಡ ಕಥೆ.

ನಿದ್ರಿಸದ ಕಣ್ಣು

ಖಾಸಗಿ ಪತ್ತೇದಾರನ ವೃತ್ತಿ ಅಮೆರಿಕದಲ್ಲಿ ಆ ಪರಿ ಬೇರು ಬಿಡುವುದಕ್ಕೆ ಆ ದೇಶದ ಆಡಳಿತದ ಸ್ವರೂಪವೇ ಕಾರಣ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಪೊಲೀಸರೆಂದರೆ ಆಯಾ ಊರಿಗೆ ಸೇರಿದವರು. ಊರಿನ ಗಡಿ ದಾಟಿದರೆ ಅವರ ಅಧಿಕಾರ ನಡೆಯದು. ಇಡೀ ದೇಶಕ್ಕೆ ಅನ್ವಯಿಸುವ ತನಿಖಾ ದಳ ಹುಟ್ಟಿದ್ದು 1908ರಲ್ಲಿ. ಅದೇ ಮುಂದೆ ಎಫ್‌ಬಿಐ ಆಯಿತು. ಆದರೆ ಕಳ್ಳರಿಗೆ ಗಡಿಯ ಹಂಗಿರಲಿಲ್ಲ. ರೈಲು ಬಂದ ಮೇಲಂತೂ ಒಂದು ರಾಜ್ಯದಲ್ಲಿ ದೋಚಿ ಇನ್ನೊಂದು ರಾಜ್ಯದಲ್ಲಿ ಬೆಳಗಿನ ತಿಂಡಿ ತಿನ್ನುವುದು ಸಾಧ್ಯವಾಯಿತು. ಬ್ಯಾಂಕು, ರೈಲ್ವೆ ಮತ್ತು ಹಣ ಸಾಗಿಸುವ ಎಕ್ಸ್‌ಪ್ರೆಸ್ ಕಂಪೆನಿಗಳಿಗೆ ಗಡಿ ದಾಟಿ ಬೆನ್ನಟ್ಟುವ ಜನ ಬೇಕಾಗಿದ್ದರು. ಈ ಬೇಡಿಕೆಯನ್ನು ಮೊದಲು ಗುರುತಿಸಿದವರಲ್ಲಿ ಅಲನ್ ಪಿಂಕರ್ಟನ್ ಮುಖ್ಯ.

ಪಿಂಕರ್ಟನ್ 1819ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದ ಬಡ ಬಡಾವಣೆಯಲ್ಲಿ ಹುಟ್ಟಿದ. ಪೀಪಾಯಿ ಮಾಡುವುದು ಅವನ ಕಸಬು. ದುಡಿಯುವವರಿಗೂ ಮತದಾನದ ಹಕ್ಕು ಬೇಕೆಂದು ಹೋರಾಡಿದ ಚಾರ್ಟಿಸ್ಟ್ ಚಳವಳಿಯಲ್ಲಿ ಓಡಾಡಿ, 1842ರಲ್ಲಿ ಹೆಂಡತಿಯೊಡನೆ ಅಮೆರಿಕಕ್ಕೆ ವಲಸೆ ಹೋದ. ಷಿಕಾಗೊ ಬಳಿಯ ಡಂಡೀ ಎಂಬ ಊರಿನಲ್ಲಿ ಪೀಪಾಯಿಯ ಅಂಗಡಿ ಇಟ್ಟ. ಅದಕ್ಕೆ ಬೇಕಾದ ಮರ ಕಡಿಯಲು ನದಿಯ ನಡುಗಡ್ಡೆಗೆ ಹೋದಾಗ ಯಾರೋ ಬೆಂಕಿ ಹಾಕಿದ್ದ ಗುರುತು ಕಂಡು, ಸಂಶಯದಿಂದ ಕಾದು ಕುಳಿತು, ಖೋಟಾ ನಾಣ್ಯದ ಗುಂಪೊಂದನ್ನು ಹಿಡಿಸಿಕೊಟ್ಟನಂತೆ. ಅದೇ ಅವನ ಹೊಸ ವೃತ್ತಿಗೆ ನಾಂದಿ. 1850ರ ಸುಮಾರಿಗೆ ಷಿಕಾಗೊದಲ್ಲಿ ಅವನ ಪತ್ತೇದಾರಿ ಸಂಸ್ಥೆ ಬಾಗಿಲು ತೆರೆಯಿತು. ತೆರೆದ ಕಣ್ಣಿನ ಚಿತ್ರ, ಅದರ ಕೆಳಗೆ 'ನಾವೆಂದೂ ನಿದ್ರಿಸುವುದಿಲ್ಲ' ಎಂಬ ಅರ್ಥದ ಮಾತು ಅದರ ಲಾಂಛನ. ಇಂಗ್ಲಿಷಿನಲ್ಲಿ ಖಾಸಗಿ ಪತ್ತೇದಾರನನ್ನು 'ಪ್ರೈವೇಟ್ ಐ' ಎಂದು ಕರೆಯುವ ರೂಢಿಗೆ ಈ ಕಣ್ಣೇ ಮೂಲವೆಂದು ಬಹುಮಂದಿ ಹೇಳುತ್ತಾರೆ.

ಆ ಕಾಲಕ್ಕೆ ಪಿಂಕರ್ಟನ್ ಕೆಲವು ವಿಷಯಗಳಲ್ಲಿ ಬಹಳ ಮುಂದಿದ್ದ. 1856ರಲ್ಲೇ ಕೇಟ್ ವಾರ್ನ್ ಎಂಬ ಮಹಿಳೆಯನ್ನು ಪತ್ತೇದಾರಳಾಗಿ ನೇಮಿಸಿಕೊಂಡ. ಅಪರಾಧಿಗಳ ಭಾವಚಿತ್ರ ಮತ್ತು ವಿವರಗಳ ಕಡತವನ್ನು ಬೆಳೆಸಿದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕರಿಯರಿಗೆ ಅವನ ಮನೆ ಅಡಗುತಾಣವಾಗಿತ್ತು. 1861ರಲ್ಲಿ, ಅಧ್ಯಕ್ಷನಾಗಿ ಆಯ್ಕೆಯಾದ ಲಿಂಕನ್‌ನನ್ನು ಬಾಲ್ಟಿಮೋರ್ ನಗರದಲ್ಲಿ ಕೊಲ್ಲುವ ಸಂಚಿದೆಯೆಂದು ತಿಳಿದು, ರಾತ್ರಿಯ ರೈಲಿನಲ್ಲಿ ಗುಟ್ಟಾಗಿ ವಾಷಿಂಗ್ಟನ್ನಿಗೆ ಸಾಗಿಸಿದವನೂ ಇವನೇ.

ಆದರೆ ಅಂತರ್ಯುದ್ಧ ಮುಗಿದು ಕಾರ್ಖಾನೆ, ಗಣಿ, ರೈಲ್ವೆಗಳು ಬೃಹತ್ತಾಗಿ ಬೆಳೆದ ಮೇಲೆ ಸಂಸ್ಥೆಯ ದೊಡ್ಡ ಗಿರಾಕಿಗಳು ಮಾಲೀಕರಾದರು. ಪತ್ತೆ ಹಚ್ಚಬೇಕಾದವರು ಕಾರ್ಮಿಕರಾದರು. ಒಂದು ಕಾಲದ ಚಾರ್ಟಿಸ್ಟ್ ಕೂಲಿಕಾರ ಸ್ಥಾಪಿಸಿದ ಸಂಸ್ಥೆಗೆ ಕೂಲಿಕಾರರ ಸಂಘಗಳೊಳಗೆ ಗೂಢಚಾರರನ್ನು ತೂರಿಸುವುದೇ ದಂಧೆಯಾಯಿತು. 1873ರಲ್ಲಿ ಜೇಮ್ಸ್ ಮೆಕ್‌ಪಾರ್ಲಂಡ್ ಎಂಬ ಪಿಂಕರ್ಟನ್ ನೌಕರ ಸುಳ್ಳು ಹೆಸರಿನಲ್ಲಿ ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಗಳ ಐರಿಷ್ ಕಾರ್ಮಿಕರ ನಡುವೆ ಸೇರಿಕೊಂಡ. ಅವರೊಡನೆ ಕುಡಿದ, ಹಾಡಿದ, ಅವರ ಗುಟ್ಟಿನ ಕೂಟದ ಸದಸ್ಯನಾದ. ಮುಂದೆ ನ್ಯಾಯಾಲಯದಲ್ಲಿ ಅವನು ನುಡಿದ ಸಾಕ್ಷ್ಯ 'ಮಾಲಿ ಮೆಗ್ವಾಯರ್ಸ್' ಎಂದು ಹೆಸರಾದ ಮೊಕದ್ದಮೆಗಳ ಬುನಾದಿಯಾಯಿತು. 1877ರಿಂದ 1879ರೊಳಗೆ 20 ಮಂದಿ ನೇಣಿಗೇರಿದರು. ಇವರಲ್ಲಿ ಎಷ್ಟು ಮಂದಿ ನಿಜವಾಗಿ ಕೊಲೆ ಮಾಡಿದ್ದರೆಂಬ ಚರ್ಚೆ ಇನ್ನೂ ನಿಂತಿಲ್ಲ. ಕಾನನ್ ಡಾಯಲ್ ತನ್ನ 'ದಿ ವ್ಯಾಲಿ ಆಫ್ ಫಿಯರ್' ಕಾದಂಬರಿಗೆ ಬಳಸಿಕೊಂಡದ್ದು ಇದೇ ಪ್ರಕರಣವನ್ನು. ಅಲ್ಲಿ ಪಿಂಕರ್ಟನ್ ಮನುಷ್ಯ ನಿಸ್ಸಂದೇಹವಾಗಿ ವೀರ. ಲಂಡನ್ನಿನಿಂದ ನೋಡಿದಾಗ ಅವನು ಹಾಗೆಯೇ ಕಂಡಿರಬೇಕು.

1892ರ ಜುಲೈನಲ್ಲಿ ಇನ್ನೂ ದೊಡ್ಡ ರಕ್ತಪಾತವಾಯಿತು. ಹೋಮ್‌ಸ್ಟೆಡ್ ಎಂಬಲ್ಲಿನ ಕಾರ್ನೆಗಿ ಉಕ್ಕಿನ ಕಾರ್ಖಾನೆಯಲ್ಲಿ ವಿವಾದವೆದ್ದಾಗ ಮಾಲೀಕರು ಸುಮಾರು 300 ಪಿಂಕರ್ಟನ್ ಜನರನ್ನು ದೊಡ್ಡ ಸರಕು ದೋಣಿಗಳಲ್ಲಿ ರಾತ್ರೋರಾತ್ರಿ ಕರೆಸಿದರು. ದಡದಲ್ಲಿ ಕಾರ್ಮಿಕರು ಕಾದಿದ್ದರು. ದಿನವಿಡೀ ನಡೆದ ಗುಂಡಿನ ಕಾಳಗದಲ್ಲಿ ಎರಡೂ ಕಡೆಯವರು ಸತ್ತರು. ಮರುವರ್ಷ, ಕೇಂದ್ರ ಸರ್ಕಾರವು ಪಿಂಕರ್ಟನ್ ಅಥವಾ ಅಂಥ ಸಂಸ್ಥೆಗಳ ನೌಕರರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿತು. ಖಾಸಗಿ ಮಾಲೀಕರಿಗೆ ಆ ನಿರ್ಬಂಧವಿರಲಿಲ್ಲ.

ವಿಷನಗರ

ಹ್ಯಾಮೆಟ್ ಹುಟ್ಟಿದ್ದು 1894ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. ಮನೆಯ ಬಡತನದಿಂದಾಗಿ ಹದಿನಾಲ್ಕರೊಳಗೇ ಶಾಲೆ ಬಿಟ್ಟು, ಸಿಕ್ಕಿದ ಚಿಲ್ಲರೆ ಕೆಲಸಗಳನ್ನು ಮಾಡಿ, 1915ರಲ್ಲಿ ಪಿಂಕರ್ಟನ್ ಸಂಸ್ಥೆಯ ಬಾಲ್ಟಿಮೋರ್ ಶಾಖೆಗೆ ಸೇರಿದ. 1918ರಲ್ಲಿ ಸೈನ್ಯಕ್ಕೆ ಹೋದ. ಸಮುದ್ರ ದಾಟುವ ಮೊದಲೇ ಆ ವರ್ಷದ ಕುಪ್ರಸಿದ್ಧ ಇನ್‌ಫ್ಲುಯೆನ್ಸ ತಗುಲಿ, ಅದರ ಬೆನ್ನಿಗೇ ಕ್ಷಯ ಹಿಡಿಯಿತು. ಆಮೇಲೆ ಮತ್ತೆ ಪಿಂಕರ್ಟನ್ ನೌಕರಿ, ನಡುವೆ ಆಸ್ಪತ್ರೆ, ಅಲ್ಲಿ ಪರಿಚಯವಾದ ನರ್ಸ್ ಜೊತೆ 1921ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮದುವೆ. ರಾತ್ರಿಯೆಲ್ಲ ಮಂಜಿನಲ್ಲಿ ನಿಂತು ಯಾರನ್ನೋ ಕಾಯುವ ಕೆಲಸ ಕ್ಷಯರೋಗಿಗೆ ಆಗುವಂಥದ್ದಲ್ಲ. 1922ರ ಹೊತ್ತಿಗೆ ನೌಕರಿ ಬಿಟ್ಟ. ಕೂತು ಮಾಡುವ ಕೆಲಸವೊಂದು ಬೇಕಿತ್ತು. ಬರವಣಿಗೆಗೆ ಕೈ ಹಾಕಿದ.

1923ರಲ್ಲಿ 'ದಿ ಸ್ಮಾರ್ಟ್ ಸೆಟ್' ಪತ್ರಿಕೆಯಲ್ಲಿ ತನ್ನ ಪತ್ತೇದಾರಿ ದಿನಗಳ ಕುರಿತು ಅವನು ಬರೆದ ಪುಟ್ಟ ಟಿಪ್ಪಣಿಗಳಿವೆ. ಅವುಗಳಲ್ಲಿ ಕೊಲೆಯ ರೋಚಕತೆ ಕಡಿಮೆ, ತಮಾಷೆ ಹೆಚ್ಚು. ಜಾತ್ರೆಯ ರಾಟವಾಳವನ್ನೇ ಕದ್ದೊಯ್ದವನೊಬ್ಬ ತನಗೆ ಗೊತ್ತೆಂದು ಒಂದು ಕಡೆ ಹೇಳುತ್ತಾನೆ. ಇನ್ನೊಂದು ಕಡೆ, ತಾನು ಗುಟ್ಟಾಗಿ ಹಿಂಬಾಲಿಸುತ್ತಿದ್ದ ಆಸಾಮಿ ಊರಾಚೆ ತಿರುಗಾಡಲು ಹೋಗಿ ದಾರಿ ತಪ್ಪಿದಾಗ ತಾನೇ ಅವನಿಗೆ ಊರಿನ ದಾರಿ ತೋರಿಸಬೇಕಾಯಿತೆಂದು ಬರೆಯುತ್ತಾನೆ. ಪತ್ತೇದಾರರ ಬದುಕನ್ನು ಒಳಗಿನಿಂದ ಕಂಡವನಲ್ಲದೆ ಬೇರೆಯವರು ಇದನ್ನು ಕಲ್ಪಿಸಲಾರರು.

ಅದೇ ವರ್ಷ ಅಕ್ಟೋಬರಿನಲ್ಲಿ 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಕಾಗದದ ಕಥಾಪತ್ರಿಕೆಯಲ್ಲಿ ಅವನ ಹೊಸ ನಾಯಕ ಕಾಣಿಸಿಕೊಂಡ. 'ಕಾಂಟಿನೆಂಟಲ್ ಡಿಟೆಕ್ಟಿವ್ ಏಜೆನ್ಸಿ'ಯ ನೌಕರ; ಕುಳ್ಳ, ಬೊಜ್ಜು ಮೈ, ವಯಸ್ಸು ನಲವತ್ತರ ಆಸುಪಾಸು. ಅವನಿಗೆ ಹೆಸರೇ ಇಲ್ಲ. ಮೇಲಧಿಕಾರಿಗೆ ವರದಿ ಬರೆಯುತ್ತಾನೆ, ಖರ್ಚಿನ ಲೆಕ್ಕ ಒಪ್ಪಿಸುತ್ತಾನೆ. ಓದುಗರು ಅಷ್ಟು ಹೊತ್ತಿಗೆ ಪಿಟೀಲು ನುಡಿಸುವ, ಬೂದಿ ನೋಡಿ ಚುರುಟಿನ ಜಾತಿ ಹೇಳುವ ಪ್ರತಿಭಾವಂತರಿಗೆ ಒಗ್ಗಿಹೋಗಿದ್ದರು. ಈ ಗುಮಾಸ್ತನಂಥ ಪತ್ತೇದಾರ ಅವರಿಗೆ ಹೊಸಬ.

ಈ ಹೆಸರಿಲ್ಲದವನನ್ನೇ ನಾಯಕನನ್ನಾಗಿಟ್ಟು ಹ್ಯಾಮೆಟ್ ಬರೆದ ಮೊದಲ ಕಾದಂಬರಿ 'ರೆಡ್ ಹಾರ್ವೆಸ್ಟ್', 1929ರಲ್ಲಿ ಬಂತು. ಪರ್ಸನ್‌ವಿಲ್ ಎಂಬ ಗಣಿ ಪಟ್ಟಣದ ಪತ್ರಿಕೆಯ ಒಡೆಯ ಪತ್ತೇದಾರನನ್ನು ಕರೆಸುತ್ತಾನೆ; ಇವನು ಹೋಗಿ ಕಾಣುವಷ್ಟರಲ್ಲಿ ಅವನ ಕೊಲೆಯಾಗಿರುತ್ತದೆ. ಊರನ್ನು ಜನ ಕರೆಯುವುದು ಪಾಯ್ಸನ್‌ವಿಲ್, ಅಂದರೆ ವಿಷನಗರ ಎಂದು. ಸತ್ತವನ ತಂದೆ ಎಲಿಹು ವಿಲ್ಸನ್ ಗಣಿ, ಬ್ಯಾಂಕು, ಪತ್ರಿಕೆ ಎಲ್ಲದರ ಯಜಮಾನ. ಕಾರ್ಮಿಕರ ಮುಷ್ಕರ ಮುರಿಯಲು ಅವನು ಗೂಂಡಾಗಳನ್ನು ಊರಿಗೆ ತಂದ. ಮುಷ್ಕರ ಮುರಿಯಿತು, ಗೂಂಡಾಗಳು ಮಾತ್ರ ಹಿಂದಿರುಗಲಿಲ್ಲ. ಅವರೇ ಊರನ್ನು ಹಂಚಿಕೊಂಡರು.

ಮಾಮೂಲಿ ಪತ್ತೇದಾರಿ ಕಾದಂಬರಿಯಾಗಿದ್ದರೆ ಮಗನ ಕೊಲೆಗಾರ ಸಿಕ್ಕಿದಾಗ ಪುಸ್ತಕ ಮುಗಿಯಬೇಕಿತ್ತು. ಇಲ್ಲಿ ಆ ಕೊಲೆಯ ಗುಟ್ಟು ಪುಸ್ತಕದ ಮೊದಲ ಭಾಗದಲ್ಲೇ ಬಯಲಾಗುತ್ತದೆ. ಕೊಂದವನು ಮತ್ಸರದಿಂದ ಕುರುಡಾದ ಒಬ್ಬ ಬ್ಯಾಂಕ್ ಗುಮಾಸ್ತ. ಆದರೆ ಪತ್ತೇದಾರ ಊರು ಬಿಡುವುದಿಲ್ಲ. ಒಂದು ಗುಂಪನ್ನು ಇನ್ನೊಂದರ ಮೇಲೆ ಎತ್ತಿಕಟ್ಟುತ್ತಾನೆ. ಪುಸ್ತಕ ಮುಗಿಯುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಣ ಉರುಳುತ್ತವೆ. ಸಾಯಿಸುವುದರಲ್ಲಿ ತನಗೇ ಒಂದು ಬಗೆಯ ರುಚಿ ಹತ್ತುತ್ತಿದೆಯೆಂದು ಅವನು ಹೆದರತೊಡಗುತ್ತಾನೆ. ಒಂದು ಬೆಳಿಗ್ಗೆ ಅಮಲಿನ ನಿದ್ದೆಯಿಂದ ಎದ್ದಾಗ ಪಕ್ಕದಲ್ಲಿ ಹೆಂಗಸೊಬ್ಬಳ ಹೆಣ. ಎದೆಗೆ ಮಂಜುಗಡ್ಡೆ ಒಡೆಯುವ ಚೂಪು ಸಲಾಕೆ ನಾಟಿದೆ. ಅದರ ಹಿಡಿ ಇವನ ಕೈಯಲ್ಲಿದೆ. ತಾನು ಕೊಂದೆನೋ ಇಲ್ಲವೋ ಎಂಬುದು ಅವನಿಗೇ ಗೊತ್ತಿಲ್ಲ. ಜೊತೆಗೆ ಬಂದ ಸಹೋದ್ಯೋಗಿ ಪತ್ತೇದಾರನೊಬ್ಬನಿಗೂ ಇವನ ಮೇಲೆ ಅನುಮಾನ ಹುಟ್ಟಿ, ಇವನು ಅವನನ್ನು ಊರಿಗೆ ಕಳಿಸಿಬಿಡುತ್ತಾನೆ. ಕಾದಂಬರಿಯ ಅತ್ಯಂತ ಬಲವಾದ ಭಾಗವಿದು. ಹೋಮ್ಸನ ಲೋಕದಲ್ಲಿ ಪಾಪವೆಲ್ಲ ಪತ್ತೇದಾರನ ಹೊರಗೆ ಇರುತ್ತಿತ್ತು.

ವಿಷನಗರಕ್ಕೆ ಮಾದರಿ ಮೊಂಟಾನ ರಾಜ್ಯದ ಬ್ಯೂಟ್ ಎಂಬ ತಾಮ್ರದ ಗಣಿಗಳ ಊರು ಎಂದು ವಿಮರ್ಶಕರು ಹೇಳುತ್ತಾರೆ. ಅಲ್ಲಿ 1917ರ ಆಗಸ್ಟ್ 1ರ ನಸುಕಿನಲ್ಲಿ ಫ್ರಾಂಕ್ ಲಿಟ್ಲ್ ಎಂಬ ಕಾರ್ಮಿಕ ನಾಯಕನನ್ನು ಮುಸುಕು ಹಾಕಿದ ಮಂದಿ ಹಾಸಿಗೆಯಿಂದ ಎಳೆದೊಯ್ದು ರೈಲು ಸೇತುವೆಯಿಂದ ನೇಣು ಹಾಕಿದರು. ಈ ಕೊಲೆಗೆ ಒಬ್ಬನ ಮೇಲೂ ಆರೋಪ ಹೊರಿಸಲಿಲ್ಲ. ಲಿಟ್ಲ್‌ನನ್ನು ಮುಗಿಸಲು ಗಣಿ ಕಂಪೆನಿಯ ಕಡೆಯವರು ತನಗೆ 5,000 ಡಾಲರು ಕೊಡಲು ಬಂದಿದ್ದರೆಂದು ಹ್ಯಾಮೆಟ್ ಮುಂದೆ ತನ್ನ ಸಂಗಾತಿ, ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್‌ಗೆ ಹೇಳಿದ್ದನಂತೆ. ಜೀವನಚರಿತ್ರೆಕಾರರಲ್ಲಿ ಹಲವರು ಇದನ್ನು ನಂಬುವುದಿಲ್ಲ. ಆಗ ಅವನು ಬ್ಯೂಟ್‌ನಲ್ಲಿದ್ದ ಎನ್ನುವುದಕ್ಕೆ ಪುರಾವೆ ಇಲ್ಲ. ಕಥೆ ಕಟ್ಟಿದ್ದೇ ಆಗಿದ್ದರೂ, ಇಂಥದ್ದೇ ಕಥೆಯನ್ನು ಅವನು ಯಾಕೆ ಕಟ್ಟಿಕೊಂಡ ಎಂಬ ಪ್ರಶ್ನೆ ಉಳಿಯುತ್ತದೆ.

ಕಾದಂಬರಿಯೊಳಗೆ ಇನ್ನೊಂದು ಜಾಣ ಮೌನವಿದೆ. ನಿಜ ಜೀವನದಲ್ಲಿ ಎಲಿಹು ವಿಲ್ಸನ್‌ನಂಥ ಮಾಲೀಕ ಮುಷ್ಕರ ಮುರಿಯಲು ಮೊದಲು ಕರೆಸುತ್ತಿದ್ದದ್ದು ಕಾಂಟಿನೆಂಟಲ್‌ನಂಥ ಸಂಸ್ಥೆಯನ್ನೇ. ಹ್ಯಾಮೆಟ್ ಆ ಕೊಳಕು ಕೆಲಸವನ್ನು ಗೂಂಡಾಗಳಿಗೆ ವಹಿಸಿ, ತನ್ನ ಪತ್ತೇದಾರನನ್ನು ಕೊಳೆ ತೊಳೆಯಲು ಕರೆತಂದ. ಮಾಜಿ ಪಿಂಕರ್ಟನ್ ನೌಕರನಿಗೆ ಅಷ್ಟು ನೇರವಾಗಿ ಬರೆಯುವುದು ಸುಲಭವಿರಲಿಲ್ಲವೇನೋ.

ಗುಂಡಿ ಹಾಕಿದ ಕೋಟು

'ದಿ ಮಾಲ್ಟೀಸ್ ಫಾಲ್ಕನ್' ಕಾದಂಬರಿಯಲ್ಲಿ ಸಂಸ್ಥೆ ಮಾಯವಾಗುತ್ತದೆ. ಸ್ಪೇಡ್ ಮತ್ತು ಆರ್ಚರ್ ಎಂಬ ಇಬ್ಬರು ಪಾಲುದಾರರ ಸಣ್ಣ ಕಚೇರಿ, ಒಬ್ಬಳು ಕಾರ್ಯದರ್ಶಿ, ಇಷ್ಟೆ. ಚೆಲುವೆಯೊಬ್ಬಳು ಬಂದು ಥರ್ಸ್‌ಬಿ ಎಂಬವನನ್ನು ಹಿಂಬಾಲಿಸಿರೆಂದು ಹಣ ಕೊಡುತ್ತಾಳೆ. ಆರ್ಚರ್ ತಾನೇ ಹೋಗುತ್ತೇನೆನ್ನುತ್ತಾನೆ. ಆ ರಾತ್ರಿಯೇ ಬರಿಟ್ ಓಣಿಯಲ್ಲಿ ಗುಂಡೇಟಿನಿಂದ ಸಾಯುತ್ತಾನೆ. ಕೆಲವೇ ಹೊತ್ತಿನಲ್ಲಿ ಥರ್ಸ್‌ಬಿಯೂ ಸಾಯುತ್ತಾನೆ. ಆಮೇಲೆ ಕಥೆ ರತ್ನಖಚಿತ ಡೇಗೆಯ ಪ್ರತಿಮೆಯೊಂದರ ಬೆನ್ನು ಹತ್ತುತ್ತದೆ. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಮಾಲ್ಟಾ ದ್ವೀಪವನ್ನು ಸೇಂಟ್ ಜಾನ್ ಪಂಥದ ಯೋಧರಿಗೆ ಕೊಟ್ಟಾಗ ವರ್ಷಕ್ಕೊಂದು ಡೇಗೆಯನ್ನು ಕಪ್ಪವಾಗಿ ಕೊಡಬೇಕೆಂದು ವಿಧಿಸಿದ್ದು ಚರಿತ್ರೆ. ಅದು ಜೀವಂತ ಹಕ್ಕಿ. ಚಿನ್ನದ ಹಕ್ಕಿ ಹ್ಯಾಮೆಟ್‌ನ ಕಲ್ಪನೆ. ಕೊನೆಗೆ ಸಿಗುವ ಪ್ರತಿಮೆಯೂ ಸೀಸದ ನಕಲು.

ಈ ಗದ್ದಲದಲ್ಲಿ ಓದುಗ ಆರ್ಚರ್‌ನ ಕೊಲೆಯನ್ನು ಮರೆತೇಬಿಡುತ್ತಾನೆ. ಸ್ಪೇಡ್ ಮರೆತಿರುವುದಿಲ್ಲ. ಅವನ ತರ್ಕ ಬಹಳ ಸರಳ. ಹೆಣ ಸಿಕ್ಕಾಗ ಆರ್ಚರ್‌ನ ಪಿಸ್ತೂಲು ಸೊಂಟದಲ್ಲೇ ಇತ್ತು, ಮೇಲ್ಗೋಟಿನ ಗುಂಡಿಗಳು ಹಾಕಿದ್ದಂತೆಯೇ ಇದ್ದವು. ಎಷ್ಟೇ ದಡ್ಡನಾದರೂ ಅನುಭವವಿರುವ ಪತ್ತೇದಾರ ತಾನು ಹಿಂಬಾಲಿಸುತ್ತಿದ್ದವನ ಹಿಂದೆ ಕತ್ತಲ ಓಣಿಗೆ ಹೀಗೆ ನುಗ್ಗಲಾರ. ನಂಬಿದವರು ಯಾರೋ ಕರೆದಿರಬೇಕು. ಆರ್ಚರ್ ಹೆಂಗಸರ ಮಾತಿಗೆ ಬೀಳುವವನು. ಕರೆದವಳು ಆ ಗಿರಾಕಿ ಬ್ರಿಜಿಡ್ ಒಷಾನಸಿಯೇ. ಬೂದಿ, ಮಣ್ಣು, ರೈಲಿನ ವೇಳಾಪಟ್ಟಿ ಯಾವುದೂ ಬೇಕಾಗಲಿಲ್ಲ. ತನ್ನ ಕಸಬಿನವರು ಹೇಗೆ ನಡೆದುಕೊಳ್ಳುತ್ತಾರೆಂಬ ತಿಳಿವಳಿಕೆಯೊಂದೇ ಸಾಕಾಯಿತು.

ಅಷ್ಟರಲ್ಲಿ ಸ್ಪೇಡ್ ಅವಳನ್ನು ಪ್ರೀತಿಸಿರುತ್ತಾನೆ, ಅಥವಾ ಹಾಗೆಂದುಕೊಂಡಿರುತ್ತಾನೆ. ಆದರೂ ಪೊಲೀಸರಿಗೆ ಒಪ್ಪಿಸುತ್ತಾನೆ. ಆರ್ಚರ್ ಮೇಲಿನ ಮಮತೆಯಿಂದಲ್ಲ: ಪಾಲುದಾರನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಪಾಲುದಾರನ ಹೆಂಡತಿಯೊಡನೆ ಸಂಬಂಧವೂ ಇತ್ತು, ಕೊಲೆಯ ಮರುದಿನವೇ ಬಾಗಿಲ ಮೇಲಿನ ಜೋಡಿ ಹೆಸರನ್ನು ಅಳಿಸಿ ತನ್ನೊಬ್ಬನ ಹೆಸರು ಬರೆಸಲು ಹೇಳಿರುತ್ತಾನೆ. ಪಾಲುದಾರನನ್ನು ಕೊಂದವರನ್ನು ಬಿಟ್ಟರೆ ಪತ್ತೇದಾರರೆಲ್ಲರ ವೃತ್ತಿಗೇ ಕೇಡು ಎನ್ನುವುದು ಅವನು ಕೊಡುವ ಕಾರಣಗಳಲ್ಲಿ ಒಂದು. ಇದು ನ್ಯಾಯವೋ, ವ್ಯಾಪಾರವೋ, ಬರಿಯ ಆತ್ಮರಕ್ಷಣೆಯೋ ಎಂದು ಹ್ಯಾಮೆಟ್ ತೀರ್ಪು ಕೊಡುವುದಿಲ್ಲ. ಇಡೀ ಪುಸ್ತಕದಲ್ಲಿ ಸ್ಪೇಡ್ ಏನು ಮಾಡಿದ, ಏನು ಹೇಳಿದ ಎನ್ನುವುದಷ್ಟೇ ಇದೆ. ಏನು ಯೋಚಿಸಿದ ಎಂದು ಒಂದು ವಾಕ್ಯವೂ ಇಲ್ಲ. ಅದು ಪಿಂಕರ್ಟನ್ ವರದಿಯ ಶೈಲಿ. ಕಂಡದ್ದನ್ನು ಬರೆ, ಊಹೆ ಬೇಡ.

ಸ್ಪೇಡ್‌ಗೆ ಮೂಲವ್ಯಕ್ತಿ ಯಾರೂ ಇಲ್ಲ, ತನ್ನ ಜೊತೆ ದುಡಿದ ಪತ್ತೇದಾರರು ತಾವು ಹೀಗಿರಬೇಕೆಂದು ಬಯಸುತ್ತಿದ್ದ ಕನಸಿನ ಮನುಷ್ಯ ಅವನು ಎಂದು ಹ್ಯಾಮೆಟ್ 1934ರಲ್ಲಿ ವಿವರಿಸಿದ. 1941ರಲ್ಲಿ ಜಾನ್ ಹ್ಯೂಸ್ಟನ್ ನಿರ್ದೇಶನದ ಚಲನಚಿತ್ರದಲ್ಲಿ ಹಂಫ್ರಿ ಬೊಗಾರ್ಟ್ ಆ ಕನಸಿಗೆ ಮುಖ ಕೊಟ್ಟ. ಅಲ್ಲಿಂದ ಮುಂದೆ ಟೋಪಿ, ಸಿಗರೇಟು, ಅರ್ಧ ತೆರೆದ ಕಣ್ಣು ಇಲ್ಲದ ಖಾಸಗಿ ಪತ್ತೇದಾರನನ್ನು ಊಹಿಸುವುದೇ ಕಷ್ಟವಾಯಿತು. 1944ರ ಪ್ರಬಂಧವೊಂದರಲ್ಲಿ ರೇಮಂಡ್ ಚಾಂಡ್ಲರ್, ಕೊಲೆಯನ್ನು ಒಗಟಿನ ಆಟದಿಂದ ಬಿಡಿಸಿ, ಕಾರಣವಿದ್ದು ಕೊಲ್ಲುವ ಜನರಿಗೆ ಮರಳಿಸಿದ ಕೀರ್ತಿ ಹ್ಯಾಮೆಟ್‌ನದೆಂದು ಹೊಗಳಿದ. ಹೊಗಳಿಕೆ ಅತಿಯೇನಲ್ಲ.

ಹೇಳದ ಹೆಸರುಗಳು

1934ರ 'ದಿ ಥಿನ್ ಮ್ಯಾನ್' ಬಳಿಕ ಹ್ಯಾಮೆಟ್ ಒಂದು ಕಾದಂಬರಿಯನ್ನೂ ಮುಗಿಸಲಿಲ್ಲ. ಕುಡಿತ, ಕಾಯಿಲೆ, ಸಿನಿಮಾದ ಸುಲಭದ ಹಣ ಎಲ್ಲಕ್ಕೂ ಅದರಲ್ಲಿ ಪಾಲಿರಬಹುದು. ಅವನ ಒಲವು ಎಡಪಂಥದತ್ತ ತಿರುಗಿತು. ಅಮೆರಿಕದ ಸೆನೆಟ್ ಸಮಿತಿಯೊಂದು ಕಾರ್ಖಾನೆಗಳಲ್ಲಿನ ಗೂಢಚಾರಿಕೆಯನ್ನು ಬಯಲಿಗೆಳೆದದ್ದೂ ಆ ವರ್ಷಗಳಲ್ಲೇ. 1937ರಲ್ಲಿ ಪಿಂಕರ್ಟನ್ ಸಂಸ್ಥೆ ಆ ದಂಧೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. (ಸಂಸ್ಥೆ ಅಳಿಯಲಿಲ್ಲ. 1999ರಲ್ಲಿ ಸ್ವೀಡನ್ನಿನ ಸೆಕ್ಯೂರಿಟಾಸ್ ಕಂಪೆನಿ ಅದನ್ನು ಕೊಂಡುಕೊಂಡಿತು.)

1942ರಲ್ಲಿ 48ರ ವಯಸ್ಸಿನಲ್ಲಿ, ಕ್ಷಯದಿಂದ ಜರ್ಝರಿತವಾದ ಶ್ವಾಸಕೋಶ ಹೊತ್ತು, ಹ್ಯಾಮೆಟ್ ಮತ್ತೆ ಸಾಮಾನ್ಯ ಸೈನಿಕನಾಗಿ ಸೇರಿದ. ಅಲಾಸ್ಕದಾಚೆಯ ಅಲ್ಯೂಷಿಯನ್ ದ್ವೀಪಗಳಲ್ಲಿ ಸೈನಿಕರ ಪತ್ರಿಕೆಯೊಂದನ್ನು ನಡೆಸಿದ. ಯುದ್ಧ ಮುಗಿದ ಮೇಲೆ, ರಾಜಕೀಯ ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡವರಿಗೆ ಜಾಮೀನಿನ ಹಣ ಒದಗಿಸುವ ನಿಧಿಯೊಂದಕ್ಕೆ ಧರ್ಮದರ್ಶಿಯಾದ. 1951ರಲ್ಲಿ ಆ ನಿಧಿಯ ಜಾಮೀನಿನ ಮೇಲಿದ್ದ ನಾಲ್ವರು ಕಮ್ಯುನಿಸ್ಟ್ ನಾಯಕರು ತಲೆಮರೆಸಿಕೊಂಡರು. ನಿಧಿಗೆ ಹಣ ಕೊಟ್ಟವರ ಹೆಸರು ಹೇಳೆಂದು ನ್ಯಾಯಾಲಯ ಕೇಳಿತು. ಹ್ಯಾಮೆಟ್ ಹೇಳಲಿಲ್ಲ. ಇನ್ನೊಬ್ಬರ ಗುಟ್ಟನ್ನು ಪತ್ತೆ ಹಚ್ಚಿ ವರದಿ ಮಾಡುವುದಕ್ಕೆ ಸಂಬಳ ಪಡೆದಿದ್ದವನು ಈಗ ಗುಟ್ಟು ಬಿಟ್ಟುಕೊಡದೆ ಆರು ತಿಂಗಳ ಸಜೆಗೆ ಗುರಿಯಾದ. ಸುಮಾರು ಐದು ತಿಂಗಳು ಜೈಲಿನಲ್ಲಿದ್ದ. ಅಲ್ಲಿ ಶೌಚಾಲಯ ತೊಳೆಯುವ ಕೆಲಸ. ಅಷ್ಟರಲ್ಲಿ ಸ್ಪೇಡ್‌ನ ಸಾಹಸಗಳ ಜನಪ್ರಿಯ ರೇಡಿಯೊ ಸರಣಿಯೂ ನಿಂತಿತ್ತು.

1953ರ ಮಾರ್ಚಿನಲ್ಲಿ ಸೆನೆಟರ್ ಮೆಕಾರ್ಥಿಯ ಸಮಿತಿ ಅವನನ್ನು ಕರೆಸಿತು. ಹೊರದೇಶಗಳಲ್ಲಿ ಅಮೆರಿಕ ಸರ್ಕಾರ ನಡೆಸುತ್ತಿದ್ದ ಗ್ರಂಥಾಲಯಗಳಲ್ಲಿ ಅವನ ಪುಸ್ತಕಗಳೂ ಇದ್ದುದೇ ವಿವಾದದ ವಸ್ತು. ಕಮ್ಯುನಿಸಂ ವಿರುದ್ಧ ಹೋರಾಡಲು ಹಣ ಖರ್ಚು ಮಾಡುವ ಅಧಿಕಾರಿ ನೀನಾಗಿದ್ದರೆ ಕಮ್ಯುನಿಸ್ಟರ ಪುಸ್ತಕ ಕೊಳ್ಳುತ್ತಿದ್ದೆಯಾ ಎಂದು ಮೆಕಾರ್ಥಿ ಕೇಳಿದ. ನಾನು ಆ ಹೋರಾಟದಲ್ಲಿದ್ದಿದ್ದರೆ ಜನರಿಗೆ ಯಾವ ಪುಸ್ತಕವನ್ನೂ ಕೊಡುತ್ತಿರಲಿಲ್ಲ ಎಂಬರ್ಥದ ಉತ್ತರ ಬಂತು. ಪುಸ್ತಕಗಳನ್ನು ಕಪಾಟಿನಿಂದ ತೆಗೆದರು. ತಾನಾಗಿದ್ದರೆ ತೆಗೆಯುತ್ತಿರಲಿಲ್ಲವೆಂದು ಅಧ್ಯಕ್ಷ ಐಸೆನ್‌ಹೋವರ್ ಹೇಳಿದ ಮೇಲೆ ಅವು ಹಿಂದಿರುಗಿದವು. ಹ್ಯಾಮೆಟ್ 1961ರ ಜನವರಿ 10ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಎರಡೂ ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಸೈನಿಕನಾದ್ದರಿಂದ, ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡಲಾಯಿತು.